ಕೊಟ್ಟಿಗೆಹಾರದ ಕಣದಲ್ಲಿ ನಿಂತ ಲಾರಿ

ಮೂಡಿಗೆರೆಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಟರೆ, ಬಣಕಲ್ಲನ್ನು ಹಿಂದೆ ಹಾಕಿ, ಇಪ್ಪತ್ತು ಕಿಲೋಮೀಟರು ತುಂಬುವುದರೊಳಗೆ ಕೊಟ್ಟಿಗೆಹಾರ ಸಿಕ್ಕುತ್ತದೆ. ಊರೆಂದರೆ ದೊಡ್ಡ ಊರಲ್ಲ. ರಸ್ತೆಗಳು ಕೂಡುವ ಒಂದು ಕೈಮರ. ಬಲಕ್ಕೆ ತಿರುಗಿದರೆ ಕಳಸ, ಹೊರನಾಡು. ನೇರವಾಗಿ ಹೋದರೆ ಚಾರ್ಮಾಡಿ ಘಾಟಿಯ ಬಾಯಿ. ಘಾಟಿ ಇಳಿಯುವವರೂ ಹತ್ತಿ ಬಂದವರೂ ಇಲ್ಲಿ ಒಂದು ಗಳಿಗೆ ನಿಂತು, ಬಿಸಿಬಿಸಿಯಾದ ನೀರುದೋಸೆ ತಿಂದು, ಮೈ ಕೊಡವಿಕೊಂಡು ಮುಂದಕ್ಕೆ ಹೋಗುವುದು ರೂಢಿ. ಇಲ್ಲಿಯ ಮಳೆನೀರು ಸಹ ಹೀಗೆಯೇ ಎರಡು ದಾರಿ ಹಿಡಿಯುತ್ತದೆ. ಇದೇ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಪೂರ್ವಕ್ಕೆ ಹರಿದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡಿ, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಏಣಿನ ಆಚೆಗೆ ಬಿದ್ದ ಹನಿ ನೇತ್ರಾವತಿಯ ಪಾಲಾಗಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಈ ಸೀಮೆಯ ಜನ ಯಂತ್ರಗಳಿಗೆ ಹೆದರುವವರಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೊರಗಿನ ಸಹಾಯವಿಲ್ಲದೆ ಬದುಕಿದವರಿಗೆ ಪಂಪು, ಪಲ್ಪರು, ಜೀಪುಗಳ ಹೊಟ್ಟೆಯೊಳಗಿನ ವಿಷಯ ತಾನಾಗಿಯೇ ತಿಳಿದುಬಿಡುತ್ತದೆ. ಈ ಕಾಡುತೋಟಗಳ ಬದುಕನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಬಳಿಯ ತಮ್ಮ ತೋಟದಲ್ಲಿಯೇ ಬಾಳಿ 2007ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನವು ಕೊಟ್ಟಿಗೆಹಾರದಲ್ಲಿದೆ. ಅವರೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಆಸಕ್ತಿಯುಳ್ಳವರಾಗಿದ್ದರೆಂಬುದು ಓದುಗರಿಗೆ ತಿಳಿದೇ ಇದೆ. ಆದರೆ ಬಿಚ್ಚುವುದು ಒಂದು ವಿದ್ಯೆಯಾದರೆ, ಜೋಡಿಸುವುದು ಇನ್ನೊಂದು. ಜೋಡಿಸಿದ್ದು ನಡೆಯದಿದ್ದಾಗ ತಪ್ಪನ್ನು ಹುಡುಕುವುದು ಮೂರನೆಯ ವಿದ್ಯೆ. ಈ ಮೂರನೆಯದು ಎಷ್ಟು ಕಷ್ಟವೆಂಬುದನ್ನು ನಾನು ಕಂಡದ್ದು, ಜನವರಿ ತಿಂಗಳ ಕೊನೆಯಲ್ಲಿ, ಕೊಟ್ಟಿಗೆಹಾರದ ಸಮೀಪದ ಗೆಳೆಯನೊಬ್ಬನ ಕಾಫಿಯ ಕಣದಲ್ಲಿ.

ಗೆಳೆಯನದು ಹತ್ತು ಎಕರೆಯ ರೊಬಸ್ಟಾ ತೋಟ. ದೊಡ್ಡ ರಸ್ತೆಯಿಂದ ಎರಡು ಕಿಲೋಮೀಟರು ಒಳಗೆ, ಹಳ್ಳವೊಂದನ್ನು ದಾಟಿ, ಸಿಲ್ವರ್ ಮರಗಳ ಸಾಲಿನ ನಡುವೆ ಏರಿದರೆ ಹಂಚಿನ ಮನೆ. ಮನೆಯ ಮುಂದೆ ಸಿಮೆಂಟಿನ ಕಣ. ಕಣದ ಮಗ್ಗುಲಲ್ಲಿ ಉಗ್ರಾಣ. ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಲಾರಿ. ನಾನು ಹೋದ ದಿನ ಸಂಜೆ ಕಣದ ತುಂಬ ಕಾಫಿಯ ಹಣ್ಣು ಹರಡಿತ್ತು. ಕೊಯ್ದ ಹಣ್ಣನ್ನು ಸಿಪ್ಪೆಯ ಸಮೇತವಾಗಿಯೇ ಬಿಸಿಲಿಗೆ ಹರಡಿ, ದಿನಕ್ಕೆ ಹಲವು ಸಲ ಹರಗಿ, ತೇವ ನೂರಕ್ಕೆ ಹತ್ತು ಹನ್ನೊಂದು ಪಾಲಿಗೆ ಇಳಿಯುವವರೆಗೆ ಎರಡು ವಾರದಷ್ಟು ಕಾಲ ಕಾಯಬೇಕು. ನಡುವೆ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಬಿದ್ದುಹೋಗುತ್ತದೆ. 2021ರ ಜನವರಿಯಲ್ಲಿ ಅಕಾಲದ ಮಳೆ ಸುರಿದು ಮಲೆನಾಡಿನ ಕಣಗಳಲ್ಲಿದ್ದ ಕಾಫಿ ತೊಯ್ದುದನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ಆ ವರ್ಷದಿಂದೀಚೆಗೆ ಜನವರಿಯಲ್ಲಿ ಮೋಡ ಕಂಡರೆ ಗೆಳೆಯನ ಮುಖವೂ ಮೋಡವಾಗುತ್ತದೆ.

ಅಂದು ಸಂಜೆ ಘಾಟಿಯ ಕಡೆಯಿಂದ ಮೋಡ ಎದ್ದಿತ್ತು.

“ಉಗ್ರಾಣದಲ್ಲಿ ಒಣಗಿದ ನೂರಿಪ್ಪತ್ತು ಮೂಟೆ ಇವೆ,” ಎಂದ ಗೆಳೆಯ. “ನಾಳೆ ಬೆಳಗ್ಗೆ ಅವನ್ನು ಲಾರಿಗೆ ಹೇರಿ ಚಿಕ್ಕಮಗಳೂರಿಗೆ ಸಾಗಿಸಿದರೆ ಕಣದಲ್ಲಿರುವುದನ್ನು ಒಳಗೆ ಹಾಕಲು ಜಾಗವಾಗುತ್ತದೆ. ನಾಡಿದ್ದು ಬಟವಾಡೆ. ಕಾಫಿ ಮಾರದೆ ಆಳುಗಳಿಗೆ ಕೊಡಲು ದುಡ್ಡಿಲ್ಲ.”

ಅವನ ಮಾತಿನಲ್ಲಿ ಆತಂಕವಿರಲಿಲ್ಲ. ಲಾರಿಯನ್ನು ಅವನೇ ಹಿಂದಿನ ದಿನ ಕೈಯಾರೆ ಸರಿಪಡಿಸಿದ್ದ. ಡೀಸೆಲ್ಲಿನ ಕಸ ತಂಗುವ ಗಾಜಿನ ಬಟ್ಟಲನ್ನು ತೊಳೆದು, ಹಳೆಯ ಫಿಲ್ಟರುಗಳನ್ನು ತೆಗೆದು ಹೊಸವನ್ನು ಹಾಕಿ, ಟ್ಯಾಂಕಿನಿಂದ ಬರುವ ಕೊಳವೆಯನ್ನು ಬಿಚ್ಚಿ ಊದಿ ಮತ್ತೆ ಕೂರಿಸಿದ್ದನಂತೆ. ಆಮೇಲೆ ಇಂಜಿನು ಎರಡು ನಿಮಿಷ ಓಡಿತಂತೆ. ಪೇಟೆಯ ಮೇಸ್ತ್ರಿಗೆ ಕೊಡುವ ಹಣ ಉಳಿಯಿತೆಂದು ಅವನು ಹೇಳಿದಾಗ, ಅವನ ಹೆಂಡತಿ ಒಳಗಿನಿಂದಲೇ, “ನಾಳೆ ಹೊರಟ ಮೇಲೆ ಹೇಳಿ,” ಎಂದರು. ಆ ಮಾತನ್ನು ನಾವಿಬ್ಬರೂ ಹಾಸ್ಯವೆಂದೇ ತಿಳಿದೆವು.

ಲಾರಿಯ ವಿಷಯ ಒಂದೆರಡು ಮಾತು ಹೇಳಬೇಕು. 1954ರಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೂ ಹಳೆಯ ಡ್ರೈವರುಗಳ ಬಾಯಲ್ಲಿ ಅವು ‘ಬೆಂಜ್’ ಲಾರಿಗಳಾಗಿಯೇ ಉಳಿದವು. ಗೆಳೆಯನ ಲಾರಿಯು ಆ ವಂಶದ ಬಹಳ ತಡವಾದ ಕುಡಿ. ಕಂಪ್ಯೂಟರು, ಸೆನ್ಸರುಗಳ ಗೋಜಿಲ್ಲದ ಆರು ಸಿಲಿಂಡರಿನ ಇಂಜಿನು. ಅವನ ತಂದೆ ಎರಡನೆಯ ಕೈಯಲ್ಲಿ ಕೊಂಡದ್ದು. ಬೆಂಗಳೂರಿನಲ್ಲಿರುವ ಮಗ ಪ್ರತಿಸಲ ಫೋನು ಮಾಡಿದಾಗಲೂ “ಅಪ್ಪ, ಅದನ್ನು ಮಾರಿಬಿಡಿ” ಎನ್ನುತ್ತಾನೆ. ಅಪ್ಪ, “ನೋಡೋಣ” ಎನ್ನುತ್ತಾನೆ. ಆ ಲಾರಿ ಓಡುವುದು ಕೇವಲ ಸಾಗಣೆಯ ಪ್ರಶ್ನೆಯಾಗಿರಲಿಲ್ಲವೆಂದು ಇದರಿಂದ ಓದುಗರು ಊಹಿಸಬಹುದು.

ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಎದ್ದೆವು. ಸಿಲ್ವರ್ ಮರಗಳ ತುದಿ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಆಳುಗಳು ಮೂಟೆ ಹೇರಲು ಕಂಬಳಿ ಹೊದ್ದು ಬಂದು ನಿಂತಿದ್ದರು. ಗೆಳೆಯ ಲಾರಿಯನ್ನೇರಿ ದೇವರಿಗೆ ಕೈಮುಗಿದು ಕೀಲಿ ತಿರುಗಿಸಿದ. ಸ್ಟಾರ್ಟರು ‘ಗರ್ರ್’ ಎಂದು ಚುರುಕಾಗಿ ತಿರುಗಿತು. ಇಂಜಿನು ಮಾತ್ರ ಒಂದು ಸಲವೂ ಕೆಮ್ಮಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಅದೇ. ಹತ್ತು ಸಲವಾಯಿತು. ಸ್ಟಾರ್ಟರಿನ ಮೈ ಬಿಸಿಯಾಯಿತು. ಇಂಜಿನು ತಣ್ಣಗೇ ಇತ್ತು.

ನಮ್ಮ ದೇಶದಲ್ಲಿ ವಾಹನವೊಂದು ನಿಂತುಹೋದರೆ ಸಲಹೆಗೆ ಬರಗಾಲವಿಲ್ಲ. ಆಳುಗಳಲ್ಲೊಬ್ಬ, “ಬ್ಯಾಟರಿ ಹೋಗಿದೆ,” ಎಂದ. ಹಾಲು ತಂದ ಹುಡುಗ, “ಚಳಿಗೆ ಡೀಸೆಲ್ಲು ಗಟ್ಟಿಯಾಗಿದೆ,” ಎಂದ. ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದ ನೆರೆಯ ತೋಟದ ಯಜಮಾನರು, ಬಟ್ಟೆಗೆ ಬೆಂಕಿ ಹಚ್ಚಿ ಗಾಳಿಯ ಕೊಳವೆಯ ಬಾಯಿಗೆ ಹಿಡಿದರೆ ತಕ್ಷಣ ಓಡುತ್ತದೆಂದು ಅಪ್ಪಣೆ ಕೊಟ್ಟರು. ಇನ್ನೊಬ್ಬರು ಲಾರಿಯನ್ನು ಇಳಿಜಾರಿಗೆ ತಳ್ಳಿ ಗೇರಿನಲ್ಲಿ ಬಿಡಬೇಕೆಂದರು. ಗೆಳೆಯ ಬೇರೆಯವರ ಜೀಪಿನ ಬ್ಯಾಟರಿಯನ್ನು ತರಿಸಿ ಜೋಡಿಸಿ ನೋಡಿದ. ಸ್ಟಾರ್ಟರು ಇನ್ನೂ ಚುರುಕಾಗಿ ತಿರುಗಿತು, ಅಷ್ಟೇ ಲಾಭ. ಬೇರೆ ಲಾರಿ ಬಾಡಿಗೆಗೆ ತರೋಣವೆಂದರೆ, ಕೊಯ್ಲಿನ ಕಾಲವಾದ್ದರಿಂದ ಎರಡು ದಿನ ಯಾವ ಲಾರಿಯೂ ಬಿಡುವಿಲ್ಲ. ಬಿಡುವಾಗಿ ಬಂದರೂ ಉಗ್ರಾಣದ ಬಾಗಿಲಿಗೆ ಇದೇ ಲಾರಿ ಅಡ್ಡವಾಗಿ ನಿಂತಿದೆ!

ಎಂಟು ಗಂಟೆಗೆ ಗೆಳೆಯ ತೀರ್ಮಾನಕ್ಕೆ ಬಂದ: “ದೊಡ್ಡ ಪಂಪು ಕೆಟ್ಟಿದೆ. ಬಿಚ್ಚಿ ಹಾಸನಕ್ಕೆ ಕಳಿಸಬೇಕು.” ಹಾಗೆಂದರೆ ನಾಲ್ಕು ದಿನ, ಬಹಳಷ್ಟು ಸಾವಿರ ರೂಪಾಯಿ. ಪಶ್ಚಿಮದ ಮೋಡ ಇನ್ನೂ ಕರಗಿರಲಿಲ್ಲ. ಅವನು ಸ್ಪ್ಯಾನರುಗಳ ಪೆಟ್ಟಿಗೆಯನ್ನು ತಂದು ಎದುರಿಗಿಟ್ಟುಕೊಂಡೂಬಿಟ್ಟ.

ಆಗ ಬಂದವರು ಮುದುಕರೊಬ್ಬರು. ಊರಿನವರೆಲ್ಲ ಅವರನ್ನು ಡ್ರೈವರಜ್ಜ ಎಂದು ಕರೆಯುತ್ತಾರೆ. ಮೂವತ್ತು ವರ್ಷ ಚಾರ್ಮಾಡಿಯಲ್ಲಿ ಲಾರಿ ಇಳಿಸಿ ಹತ್ತಿಸಿದವರು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಘಾಟಿಯ ಗುಡ್ಡಗಳು ಕುಸಿದು, ಆಮೇಲೆ ಭಾರಿ ಲಾರಿಗಳಿಗೆ ಆ ದಾರಿಯಲ್ಲಿ ನಿರ್ಬಂಧ ಬಂದಾಗ, “ನನ್ನ ರಸ್ತೆಯೇ ಹೋಯಿತು, ನಾನೂ ಇಳಿದೆ,” ಎಂದು ಕೆಲಸ ಬಿಟ್ಟವರು. ಅವರು ಲಾರಿಯನ್ನು ಮುಟ್ಟುವ ಮೊದಲು ಕಣದ ಅಂಚಿನಲ್ಲಿ ಕುಳಿತು ಕಾಫಿ ಕುಡಿದರು. ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು:

“ಕೊನೆಯ ಸಲ ಯಾವುದಕ್ಕೆ ಕೈ ಹಾಕಿದ್ದೆ?”

ಗೆಳೆಯನ ಮುಖ ಕೆಂಪಾಯಿತು. “ನಾನು ಮಾಡಿದ ಕೆಲಸ ಸರಿಯಾಗಿದೆ, ಅಜ್ಜ. ಮಾಡಿದ ಮೇಲೆ ಎರಡು ನಿಮಿಷ ಓಡಿದೆ. ಇದು ಬೇರೆ ಏನೋ.”

“ಸರಿಯಾಗಿದ್ದರೆ ಸಂತೋಷ. ಮೊನ್ನೆಯವರೆಗೆ ಓಡುತ್ತಿತ್ತು, ಇವತ್ತು ಓಡುವುದಿಲ್ಲ. ನಡುವೆ ಬಂದದ್ದು ನಿನ್ನ ಕೈ. ಅದನ್ನು ಮೊದಲು ನೋಡಿ, ತಪ್ಪಿಲ್ಲವೆಂದು ಗೊತ್ತಾದರೆ ಆಮೇಲೆ ಪಂಪಿಗೆ ಹೋಗೋಣ.”

ಗೆಳೆಯ ಉತ್ತರ ಕೊಡಲಿಲ್ಲ. ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತ. ಆ ಗಳಿಗೆಯಲ್ಲಿ ಅವನಿಗೆ ಪಂಪು ಕೆಟ್ಟಿರುವುದೇ ಹಿತವಾಗಿತ್ತೆಂದು ನನಗೆ ತೋರಿತು. ಪಂಪು ಕೆಟ್ಟರೆ ಅದು ವಿಧಿ. ತಾನು ಜೋಡಿಸಿದ್ದು ಕೆಟ್ಟರೆ ಅದು ಮಗನ ಫೋನಿಗೆ ಉತ್ತರ.

ಇಲ್ಲಿ ಡೀಸೆಲ್ ಇಂಜಿನಿನ ಗುಣವನ್ನು ಸ್ವಲ್ಪ ತಿಳಿಸುವುದು ಅವಶ್ಯ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ಎಂಬಾತನು ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲು ಇಂಜಿನಿನಲ್ಲಿರುವಂತೆ ಇದರಲ್ಲಿ ಬೆಂಕಿಯ ಕಿಡಿಯಿಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು ಹದಿನೇಳು ಪಾಲು ಕುಗ್ಗುವಂತೆ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನಂತೆ ಎರಚಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಂಜಿನು ಏಳಲು ಮೂರೇ ಸಂಗತಿಗಳು ಬೇಕು: ಸಾಕಷ್ಟು ವೇಗವಾಗಿ ತಿರುಗಬೇಕು, ಗಾಳಿ ಸರಿಯಾಗಿ ಒತ್ತಲ್ಪಡಬೇಕು, ಎಣ್ಣೆ ಹೊತ್ತಿಗೆ ಸರಿಯಾಗಿ ಒಳಗೆ ಬರಬೇಕು.

ಅಜ್ಜ ಎದ್ದು, ಈ ಮೂರನ್ನೂ ತಮ್ಮದೇ ರೀತಿಯಲ್ಲಿ ಲೆಕ್ಕ ಹಾಕಿದರು. ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಿದರು; ಎಣ್ಣೆ ಮುಕ್ಕಾಲು ಇತ್ತು. ಇಂಜಿನನ್ನು ನಿಲ್ಲಿಸುವ ಗುಂಡಿ ಹೊರಗೆ ಎಳೆದ ಹಾಗೆಯೇ ಉಳಿದಿಲ್ಲವಷ್ಟೆ ಎಂದು ಒತ್ತಿ ನೋಡಿದರು, ಸರಿಯಾಗಿತ್ತು. ಸ್ಟಾರ್ಟರನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡವೆಂದೂ ನಡುವೆ ಒಂದು ನಿಮಿಷವಾದರೂ ಅದಕ್ಕೆ ಬಿಡುವು ಕೊಡಬೇಕೆಂದೂ ಗೆಳೆಯನಿಗೆ ಹೇಳಿ, ತಾವು ಹಿಂದಕ್ಕೆ ಹೋಗಿ ಹೊಗೆಕೊಳವೆಯ ಬಳಿ ನಿಂತರು.

“ತಿರುಗಿಸು.”

ಸ್ಟಾರ್ಟರು ತಿರುಗಿತು. ಹೊಗೆಕೊಳವೆಯಿಂದ ಏನೂ ಬರಲಿಲ್ಲ.

“ಬಿಳಿ ಹೊಗೆ ಬಂದಿದ್ದರೆ ಎಣ್ಣೆ ಒಳಕ್ಕೆ ಹೋಗುತ್ತಿದೆ, ಆದರೆ ಹೊತ್ತುತ್ತಿಲ್ಲ ಎಂದರ್ಥ. ಆಗ ಚಳಿಯನ್ನೋ ಒತ್ತಡವನ್ನೋ ಅನುಮಾನಿಸಬಹುದು. ಹೊಗೆಯೇ ಇಲ್ಲ. ಹಸಿದ ಮಗು ಅಳುತ್ತಿದೆ, ನೀವು ಅದರ ಕಾಲು ನೀವುತ್ತಿದ್ದೀರಿ,” ಎಂದರು ಅಜ್ಜ. ಬೆಂಕಿಯ ಬಟ್ಟೆಯ ಸಲಹೆ ಕೊಟ್ಟಿದ್ದ ಯಜಮಾನರು ಮೋಡದ ಕಡೆ ನೋಡಿದರು. ಇಳಿಜಾರಿಗೆ ತಳ್ಳುವ ಸಲಹೆಯನ್ನೂ ಅಜ್ಜ ಒಪ್ಪಲಿಲ್ಲ: “ಇಂಜಿನು ಸತ್ತ ಲಾರಿಗೆ ಬ್ರೇಕಿನ ಗಾಳಿಯೂ ತುಂಬುವುದಿಲ್ಲ. ತಿರುಗುವುದಕ್ಕೆ ಕೊರತೆಯಿಲ್ಲದಿರುವಾಗ ತಳ್ಳಿ ಸಾಧಿಸುವುದೇನು? ಹಳ್ಳಕ್ಕೆ ಬೀಳುವುದೊಂದೇ.”

ಆಮೇಲೆ ಫಿಲ್ಟರಿನ ತಲೆಯ ಮೇಲಿದ್ದ ಸಣ್ಣ ತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಕೈಗುಬ್ಬಿಯನ್ನು ಒತ್ತಲು ಗೆಳೆಯನಿಗೆ ಹೇಳಿದರು. ತಿರುಪಿನ ಸಂದಿಯಿಂದ ಎಣ್ಣೆಯ ಬದಲು ನೊರೆ ಬಂತು. ಹಾಲು ಕರೆಯುವಾಗ ಪಾತ್ರೆಯಲ್ಲಿ ಏಳುವಂಥ ನೊರೆ. ಒತ್ತುತ್ತ ಹೋದಂತೆ ನೊರೆ ಕಡಿಮೆಯಾಗಿ ಎಣ್ಣೆ ತಿಳಿಯಾಯಿತು. ತಿರುಪನ್ನು ಬಿಗಿದು ಸ್ಟಾರ್ಟರು ತಿರುಗಿಸಿದರೆ ಇಂಜಿನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಪು ಸಡಿಲಿಸಿದರೆ ಮತ್ತೆ ನೊರೆ.

ಲಾರಿಯವರು ಇದನ್ನು ‘ಏರ್ ಹಿಡಿಯುವುದು’ ಎನ್ನುತ್ತಾರೆ. ಸಿಲಿಂಡರಿಗೆ ಗಾಳಿ ಬೇಕು. ಎಣ್ಣೆಯ ಕೊಳವೆಗೆ ಗಾಳಿ ವಿಷ. ನಾಝಲಿನ ಬಾಯಿ ತೆರೆಯಬೇಕಾದರೆ ಸುಮಾರು ಇನ್ನೂರು ವಾಯುಭಾರದಷ್ಟು ಒತ್ತಡ ಬೇಕಾಗುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ ಆ ಒತ್ತಡ ಸುಲಭವಾಗಿ ಹುಟ್ಟುತ್ತದೆ. ನಡುವೆ ಒಂದು ಗುಳ್ಳೆ ಸೇರಿಕೊಂಡರೆ, ಪಂಪಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿದು, ನಾಝಲು ಬಾಯಿ ತೆರೆಯದೆ ಕುಳಿತುಬಿಡುತ್ತದೆ. ಅಷ್ಟು ದೊಡ್ಡ ಇಂಜಿನಿಗೆ ಅಷ್ಟು ಸಣ್ಣ ಶತ್ರು!

“ಗಾಳಿ ಎಲ್ಲಿಂದ ಬರುತ್ತಿದೆ?” ಎಂದೆ ನಾನು. “ಎಲ್ಲಿಯೂ ಎಣ್ಣೆ ಸೋರುತ್ತಿಲ್ಲವಲ್ಲ?”

ಅಜ್ಜ ನಕ್ಕರು. “ಸೋರಿದರೆ ಕಣ್ಣಿಗೆ ಕಾಣುತ್ತಿತ್ತು. ಫೀಡ್ ಪಂಪಿನಿಂದ ಆಚೆಗೆ ಎಣ್ಣೆಯನ್ನು ತಳ್ಳುತ್ತದೆ. ಅಲ್ಲಿ ಸಂದಿಯಿದ್ದರೆ ಎಣ್ಣೆ ಹೊರಗೆ ಬರುತ್ತದೆ. ಪಂಪಿನಿಂದ ಈಚೆಗೆ, ಟ್ಯಾಂಕಿನ ಕಡೆಗೆ, ಎಣ್ಣೆಯನ್ನು ಹೀರುತ್ತದೆ; ಅಲ್ಲಿ ಸಂದಿಯಿದ್ದರೆ ಗಾಳಿ ಒಳಗೆ ಹೋಗುತ್ತದೆ. ಒಳಗೆ ಹೋಗುವ ಕಳ್ಳ ಹೆಜ್ಜೆಗುರುತು ಬಿಡುವುದಿಲ್ಲ.”

ಈ ಮಾತು ನಿಜವೇ ಎಂದು ಪರೀಕ್ಷಿಸುವ ಉಪಾಯವೂ ಅವರಲ್ಲಿತ್ತು. ಟ್ಯಾಂಕಿನ ಕೊಳವೆಯನ್ನು ಫೀಡ್ ಪಂಪಿನಿಂದ ಬೇರ್ಪಡಿಸಿ, ಅದರ ಜಾಗದಲ್ಲಿ ಬೇರೊಂದು ಶುದ್ಧವಾದ ಕೊಳವೆಯನ್ನು ಸಿಕ್ಕಿಸಿದರು. ಅದರ ಇನ್ನೊಂದು ತುದಿಯನ್ನು ಡೀಸೆಲ್ಲು ತುಂಬಿದ ಡಬ್ಬಿಯೊಳಗೆ ಇಳಿಸಿ, ಡಬ್ಬಿಯನ್ನು ಇಂಜಿನಿಗಿಂತ ಎತ್ತರದಲ್ಲಿ ಹಿಡಿದುಕೊಂಡು ನಿಲ್ಲುವಂತೆ ಒಬ್ಬ ಆಳಿಗೆ ಹೇಳಿದರು. ಕೈಗುಬ್ಬಿಯನ್ನು ಒತ್ತಿ ನೊರೆ ತೆಗೆದದ್ದಾಯಿತು. ಗೆಳೆಯ ಕೀಲಿ ತಿರುಗಿಸಿದ. ಇಂಜಿನು ಒಮ್ಮೆ ಕೆಮ್ಮಿ, ಮೈ ಝಾಡಿಸಿ, ಬಿಳಿ ಹೊಗೆಯ ಒಂದು ಉಂಡೆಯನ್ನು ಉಗುಳಿ, ಕಣವೆಲ್ಲ ನಡುಗುವಂತೆ ಓಡತೊಡಗಿತು! ಆಳುಗಳು ಕೂಗಿದರು. ಗೆಳೆಯ ಮಾತ್ರ ಕೂಗಲಿಲ್ಲ. ಪಂಪು ಸರಿಯಾಗಿದೆ, ನಾಝಲು ಸರಿಯಾಗಿದೆ, ಬ್ಯಾಟರಿ ಸರಿಯಾಗಿದೆ. ಉಳಿದದ್ದು ಟ್ಯಾಂಕಿನಿಂದ ಪಂಪಿನವರೆಗಿನ ಎರಡು ಮಾರು ದಾರಿ. ಆ ದಾರಿಯಲ್ಲಿ ಕೈ ಹಾಕಿದವನು ಅವನೊಬ್ಬನೇ.

ಹಿಂದಿನ ದಿನ ಎರಡು ನಿಮಿಷ ಓಡಿದ್ದರ ಗುಟ್ಟೂ ಆಗ ತಿಳಿಯಿತು. ಅಂದು ಹೊಸ ಫಿಲ್ಟರಿಗೆ ತುಂಬಿದ್ದ ಎಣ್ಣೆಯಿಂದಲೇ ಇಂಜಿನು ಓಡಿತ್ತು. ರಾತ್ರಿಯೆಲ್ಲ ಸಂದಿಯಿಂದ ಗಾಳಿ ನುಸುಳಿ, ಕೊಳವೆಯ ಎಣ್ಣೆ ತಗ್ಗಿನಲ್ಲಿದ್ದ ಟ್ಯಾಂಕಿಗೆ ಹಿಂದಿರುಗಿತ್ತು. ಎರಡು ನಿಮಿಷದ ಬದಲು ಹತ್ತು ನಿಮಿಷ ಓಡಿಸಿ ನೋಡಿದ್ದರೆ ಹಿಂದಿನ ದಿನವೇ ವಿಷಯ ಬಯಲಾಗುತ್ತಿತ್ತು. ನಾವು ನಮ್ಮ ಕೆಲಸವನ್ನು ಪರೀಕ್ಷಿಸುವುದು ಬಹುಮಟ್ಟಿಗೆ ಹೀಗೆಯೇ. ಮೆಚ್ಚುಗೆಗೆ ಸಾಲುವಷ್ಟು ಹೊತ್ತು ಮಾತ್ರ.

ಇನ್ನು ಸಂದಿಯನ್ನು ಹುಡುಕಬೇಕು. ಇಂಜಿನನ್ನು ನಿಲ್ಲಿಸಿ, ಟ್ಯಾಂಕಿನ ಕೊಳವೆಯನ್ನು ಗೆಳೆಯ ಜೋಡಿಸಿದ್ದಂತೆಯೇ ಪುನಃ ಪಂಪಿಗೆ ಬಿಗಿದರು. ಗೆಳೆಯನ ಹೆಂಡತಿ ಅಂಟುವಾಳದ ಕಾಯನ್ನು ನೀರಿನಲ್ಲಿ ಕಿವುಚಿ ಒಂದು ಬಟ್ಟಲು ನೊರೆ ತಂದುಕೊಟ್ಟರು. ಅಜ್ಜ ಕೊಳವೆಯ ಟ್ಯಾಂಕಿನ ಕಡೆಯ ತುದಿಯನ್ನು ಕಳಚಿ ಅದಕ್ಕೆ ಸೈಕಲ್ ಪಂಪನ್ನು ಸಿಕ್ಕಿಸಿ ಮೆಲ್ಲಗೆ ಗಾಳಿ ಹಾಕಿಸಿದರು. ತಾವು ಪ್ರತಿಯೊಂದು ಜೋಡಣೆಗೂ ಆ ನೊರೆನೀರನ್ನು ಹಚ್ಚುತ್ತ ಬಂದರು. ಗಾಜಿನ ಬಟ್ಟಲಿನ ಅಂಚು ಸುಮ್ಮನಿತ್ತು. ಕೊಳವೆಯ ನಡುವಣ ಜೋಡಣೆಯೂ ಸುಮ್ಮನಿತ್ತು. ಫೀಡ್ ಪಂಪಿನ ಬಾಯಲ್ಲಿ, ಬ್ಯಾಂಜೋ ಬೋಲ್ಟಿನ ತಲೆಯ ಕೆಳಗೆ, ಒಂದೊಂದಾಗಿ ಗುಳ್ಳೆಗಳು ಹುಟ್ಟಿದವು.

ಆ ಬೋಲ್ಟಿಗೆ ತಾಮ್ರದ ಎರಡು ವಾಷರುಗಳು ಬೇಕು. ಕೊಳವೆಯ ಉಂಗುರದ ಮೇಲೊಂದು, ಕೆಳಗೊಂದು. ಬಿಚ್ಚಿ ನೋಡಿದರೆ ಕೆಳಗಿನದೊಂದೇ ಇತ್ತು; ಅದೂ ಹಳೆಯದಾಗಿ, ಒತ್ತಿ ಒತ್ತಿ ಗಡುಸಾಗಿ, ಮೈಮೇಲೆ ಗೀರು ಬಿದ್ದಿತ್ತು. ಮೇಲಿನದು ಎಲ್ಲಿ? ಯಾರೂ ಕೇಳಲಿಲ್ಲ. ಗೆಳೆಯ ತಾನೇ ಎದ್ದು ಹೋಗಿ, ಲಾರಿಯ ಮಡ್‌ಗಾರ್ಡಿನ ಮೇಲಿದ್ದ ತಗಡಿನ ಮುಚ್ಚಳವೊಂದನ್ನು ತಂದ. ಹಿಂದಿನ ದಿನ, ಕಳೆದುಹೋಗಬಾರದೆಂದು ಬಿಚ್ಚಿದ ಸಣ್ಣ ಸಾಮಾನನ್ನೆಲ್ಲ ಜೋಪಾನವಾಗಿ ಅದರಲ್ಲಿ ಹಾಕಿಟ್ಟಿದ್ದ. ತಳದಲ್ಲಿ, ಸೀಮೆಎಣ್ಣೆಯ ತೇವದಲ್ಲಿ ಅಂಟಿಕೊಂಡು, ವಾಷರು ಕುಳಿತಿತ್ತು.

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. “ನಾನೇ,” ಎಂದ.

ಅಜ್ಜ ಅದಕ್ಕೆ ಏನೂ ಹೇಳಲಿಲ್ಲ. ಬೇರೆಯವರು ಮಾತನಾಡುವ ಮೊದಲೇ, “ಒಲೆಯಲ್ಲಿ ಕೆಂಡ ಇದೆಯೇನಮ್ಮ?” ಎಂದು ಒಳಗೆ ಕೇಳಿದರು.

ಹೊಸ ವಾಷರು ತರಲು ಮೂಡಿಗೆರೆಗೆ ಹೋಗಿ ಬರಬೇಕು. ಹಳೆಯದನ್ನು ಮತ್ತೆ ಮೆತ್ತಗೆ ಮಾಡುವುದಕ್ಕೆ ಮನೆಯ ಒಲೆ ಸಾಕು. ತಾಮ್ರವನ್ನು ಒತ್ತಿದಷ್ಟೂ ಅದು ಗಡುಸಾಗುತ್ತದೆ. ಗಡುಸಾದ ವಾಷರು ಸಂದಿಗೆ ಹೊಂದಿಕೊಳ್ಳುವುದಿಲ್ಲ. ಕೆಂಪಗಾಗುವವರೆಗೆ ಕಾಯಿಸಿದರೆ ಅದರ ಮೊದಲಿನ ಮೃದುತ್ವ ಹಿಂದಿರುಗುತ್ತದೆ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ. ತಾಮ್ರವನ್ನು ಅದ್ದಿದರೆ ಮೆತ್ತಗೇ ಉಳಿಯುತ್ತದೆ, ಮೇಲಿನ ಕಪ್ಪು ಪೊರೆ ಮಾತ್ರ ಕಳಚುತ್ತದೆ. ಡೀಸೆಲ್ಲು ಚೆಲ್ಲಿದ ಕಡೆ ಬೆಂಕಿ ತರಕೂಡದೆಂದು ಅಜ್ಜ ವಾಷರುಗಳ ಎಣ್ಣೆಯನ್ನು ಚೆನ್ನಾಗಿ ಒರೆಸಿ ಅಡುಗೆಮನೆಗೇ ಕಳುಹಿಸಿದರು. ಗೆಳೆಯನ ಹೆಂಡತಿ ಅವನ್ನು ಕಬ್ಬಿಣದ ಸೌಟಿನಲ್ಲಿಟ್ಟು ಕೆಂಡದ ನಡುವೆ ತಳ್ಳಿ, ಊದುಗೊಳವೆಯಿಂದ ಊದಿದರು. ಎರಡು ಪುಟ್ಟ ಉಂಗುರಗಳು ದಾಸವಾಳದ ಮೊಗ್ಗಿನಂತೆ ಕೆಂಪಾದವು. ಇಕ್ಕಳದಿಂದ ಎತ್ತಿ ತಂಬಿಗೆಯ ನೀರಿಗೆ ಹಾಕಿದಾಗ ‘ಚುಂಯ್’ ಎಂದವು.

“ನಿನ್ನೆಯೇ ನನ್ನ ಕೈಗೆ ಕೊಟ್ಟಿದ್ದರೆ ಲೆಕ್ಕ ಇಟ್ಟುಕೊಳ್ಳುತ್ತಿದ್ದೆ,” ಎಂದರು ಆಕೆ. ಗೆಳೆಯ ನಕ್ಕ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು.

ವಾಷರುಗಳನ್ನು ಒರೆಸಿ, ನುಣ್ಣನೆಯ ಉಜ್ಜುಕಾಗದದಿಂದ ಸವರಿ, ಮೇಲೊಂದು ಕೆಳಗೊಂದು ಇಟ್ಟು ಬೋಲ್ಟನ್ನು ಬಿಗಿದದ್ದು ಗೆಳೆಯನೇ. ಅಜ್ಜ ಸ್ಪ್ಯಾನರನ್ನು ಮುಟ್ಟಲಿಲ್ಲ. ಮತ್ತೆ ಸೈಕಲ್ ಪಂಪು, ಮತ್ತೆ ಅಂಟುವಾಳದ ನೊರೆ, ಗುಳ್ಳೆಯಿಲ್ಲ. ಕೊಳವೆಯನ್ನು ಟ್ಯಾಂಕಿಗೆ ಜೋಡಿಸಿ, ಕೈಗುಬ್ಬಿಯನ್ನು ಒತ್ತಿ ತಿಳಿ ಎಣ್ಣೆ ಬರಿಸಿ, ಕೀಲಿ ತಿರುಗಿಸಿದಾಗ ಇಂಜಿನು ಮೊದಲ ಸುತ್ತಿಗೇ ಎದ್ದಿತು. ಅಜ್ಜ ಕಣದ ಅಂಚಿನಲ್ಲಿ ಮತ್ತೆ ಕುಳಿತು, “ಇಪ್ಪತ್ತು ನಿಮಿಷ ಓಡಲಿ. ಎರಡು ನಿಮಿಷ ಎಲ್ಲ ಲಾರಿಯೂ ಓಡುತ್ತದೆ,” ಎಂದರು.

ಇಪ್ಪತ್ತು ನಿಮಿಷವಾದ ಮೇಲೆ ಮೂಟೆ ಹೇರತೊಡಗಿದರು. ಹನ್ನೊಂದು ಗಂಟೆಗೆ ಟಾರ್ಪಾಲು ಬಿಗಿದು ಹೊರಟೆವು. ಹಳ್ಳ ದಾಟಿ, ದೊಡ್ಡ ರಸ್ತೆಗೆ ಏರಿ, ಕೊಟ್ಟಿಗೆಹಾರದ ಕೈಮರದಲ್ಲಿ ಪೂರ್ವಕ್ಕೆ ತಿರುಗಿದಾಗ ಗೆಳೆಯ ರೂಢಿಯಂತೆ ಘಾಟಿಯ ಕಡೆ ತಿರುಗಿ ಅಣ್ಣಪ್ಪಸ್ವಾಮಿಗೆ ಕೈಮುಗಿದ. ಚಾರ್ಮಾಡಿಯಲ್ಲಿ ಓಡಾಡಿದ ಡ್ರೈವರುಗಳು ಆ ಗುಡಿಯ ಮುಂದೆ ವಾಹನ ನಿಲ್ಲಿಸದೆ ಹೋಗುತ್ತಿದ್ದುದು ಅಪರೂಪ. ಈಗ ಆ ದಾರಿಗೆ ಬೆನ್ನು ಹಾಕಿ ಹೋಗುವಾಗಲೂ ಕೈ ತಾನಾಗಿ ಏಳುತ್ತದೆ. ಬಣಕಲ್ ಕಳೆಯಿತು. ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನ ಬಳಿ ಗಾಜಿನ ಮೇಲೆ ನಾಲ್ಕು ಹನಿ ಬಿದ್ದವು. ಇಬ್ಬರೂ ಮಾತನಾಡಲಿಲ್ಲ. ಅಷ್ಟು ಹೊತ್ತಿಗೆ ಉಗ್ರಾಣದಲ್ಲಿ ಜಾಗವಾಗಿ, ಕಣದ ಕಾಫಿಯನ್ನು ಆಳುಗಳು ಒಳಗೆ ಸೇರಿಸುತ್ತಿರಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಚಿಕ್ಕಮಗಳೂರಿಗೆ ಬಂದಾಗ ಬಿಸಿಲಿತ್ತು. ಬಾಬಾ ಬುಡನ್ ಎಂಬ ಸಂತ ಹದಿನೇಳನೆಯ ಶತಮಾನದಲ್ಲಿ ಅರಬ್ ದೇಶದಿಂದ ಏಳು ಕಾಫಿಬೀಜ ತಂದು ಬಿತ್ತಿದನೆಂದು ಜನ ನಂಬುವ ಗಿರಿಸಾಲು ಊರಿನ ಹಿಂದೆ ನೀಲಿಯಾಗಿ ಕಾಣುತ್ತಿತ್ತು. ಮೂಟೆಗಳನ್ನು ತೂಗಿಸಿ, ಚೀಟಿ ಪಡೆದು, ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಮಗನ ಫೋನು ಬಂತು. “ಲಾರಿ ಹೊರಟಿತೇನಪ್ಪ?” ಎಂದು ಕೇಳಿರಬೇಕು. ಗೆಳೆಯ ಒಂದು ಕ್ಷಣ ತಡೆದು, “ತಡವಾಗಿ ಹೊರಟಿತು. ಒಂದು ವಾಷರು ಹಾಕುವುದನ್ನು ಮರೆತಿದ್ದೆ,” ಎಂದ. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಗೆಳೆಯ ಮಾತ್ರ, “ಬಾ, ಮುಂದಿನ ಸಲ ನೀನು ಮುಚ್ಚಳ ಹಿಡಿದುಕೊಂಡು ಲೆಕ್ಕ ಇಡು,” ಎಂದು ನಗುತ್ತ ಫೋನು ಇಟ್ಟ.

ಅಂದು ರಾತ್ರಿ ಕೊಟ್ಟಿಗೆಹಾರದಲ್ಲಿ ಅರ್ಧ ಗಂಟೆ ಮಳೆ ಹೊಯ್ಯಿತು. ಹಂಚಿನ ಮೇಲೆ ಅದು ಬೀಳುವ ಸದ್ದನ್ನು ಕೇಳುತ್ತ ನಾವು ಜಗಲಿಯಲ್ಲಿ ಕುಳಿತಿದ್ದೆವು. ಕಣ ಬರಿದಾಗಿತ್ತು. ಬೆಳಗ್ಗೆ ಎದ್ದು ನೋಡಿದಾಗ, ಲಾರಿಯ ಕೊಟ್ಟಿಗೆಯ ಕಂಬಕ್ಕೆ ದಾರ ಕಟ್ಟಿ ಒಂದು ಪುಸ್ತಕವನ್ನು ತೂಗುಹಾಕಿತ್ತು. ಮೊದಲನೆಯ ಪುಟದಲ್ಲಿ ಗೆಳೆಯನ ಕೈಬರಹ: ದಿನಾಂಕ, ಬಿಚ್ಚಿದ್ದು, ಹಾಕಿದ್ದು, ಉಳಿದದ್ದು. ‘ಉಳಿದದ್ದು’ ಎಂಬ ಸಾಲಿನ ಮುಂದೆ ‘ಏನೂ ಇಲ್ಲ’ ಎಂದು ಬರೆದು ಎರಡು ಗೆರೆ ಎಳೆದಿದ್ದ.